ಕ್ಷಿಪಣಿ ಬಿಡುವ ಮೊದಲಿನ ಎಂಟು ಸೆಕೆಂಡುಗಳು

ವಾರ್ ಥಂಡರ್ ಎಂಬ ಕಂಪ್ಯೂಟರ್ ಯುದ್ಧದ ಆಟವನ್ನು ಆಡಲು ತೊಡಗಿ ನನಗೆ ನಾಲ್ಕು ವರ್ಷಗಳಾದವು. ಮೊದಲ ವರ್ಷವನ್ನು ಟ್ಯಾಂಕುಗಳಲ್ಲಿ ಕಳೆದೆ. ಉಳಿದ ಮೂರು ವರ್ಷಗಳಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಒಂದೇ ಆಯುಧ, ವಿಮಾನದಿಂದ ನೆಲದ ಗುರಿಯ ಮೇಲೆ ಬಿಡುವ ಎಜಿಎಂ-65 ಮ್ಯಾವರಿಕ್ ಎಂಬ ಕ್ಷಿಪಣಿ. ಜೊತೆಯಲ್ಲಿ ಆಡುವವರಲ್ಲಿ ಬಹಳ ಮಂದಿ ಇದನ್ನು ಸುಲಭದ ಆಯುಧವೆಂದು ಹೇಳುತ್ತಾರೆ. ಗುರಿ ಹಿಡಿ, ಬಿಡು, ತಿರುಗಿ ಹೊರಟುಹೋಗು, ಉಳಿದದ್ದನ್ನು ಕ್ಷಿಪಣಿಯೇ ನೋಡಿಕೊಳ್ಳುತ್ತದೆ ಎಂಬುದು ಅವರ ಮಾತು. ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ಈಗ ನನಗೆ ಕಾಣುವುದು ಬೇರೆ. ಮ್ಯಾವರಿಕ್ ಪೈಲಟ್‌ನ ಕೆಲಸವನ್ನು ಕಡಿಮೆ ಮಾಡಲಿಲ್ಲ. ಬಿಟ್ಟ ಮೇಲೆ ಮಾಡಬೇಕಿದ್ದ ಕೆಲಸವನ್ನೆಲ್ಲ ಬಿಡುವುದಕ್ಕೆ ಮುಂಚಿನ ಕೆಲವೇ ಕ್ಷಣಗಳಿಗೆ ತಂದು ತುಂಬಿತು. ಆಟ ಮುಗಿದ ಮೇಲೆ ನನ್ನ ಪಂದ್ಯಗಳ ರೀಪ್ಲೇಗಳನ್ನು ನೋಡುತ್ತ ಲೆಕ್ಕ ಹಾಕಿದಾಗ, ವಿಮಾನದ ಮೂತಿಯನ್ನು ರಣಭೂಮಿಯ ಕಡೆಗೆ ತಿರುಗಿಸಿದ ಕ್ಷಣದಿಂದ ಕ್ಷಿಪಣಿಯನ್ನು ಬಿಡುವವರೆಗೆ ನನಗೆ ಸಿಗುತ್ತಿದ್ದ ಸಮಯ ಎಂಟು ಸೆಕೆಂಡುಗಳ ಆಸುಪಾಸಿನಲ್ಲಿತ್ತು. ಈ ಬರಹ ಆ ಎಂಟು ಸೆಕೆಂಡುಗಳ ಬಗ್ಗೆ.

ಆಟವನ್ನು ತಿಳಿಯದವರಿಗೆ ಎರಡು ಮಾತು. ಗೈಜಿನ್ ಸಂಸ್ಥೆ ರೂಪಿಸಿದ ಈ ಆಟದ ಸಾರ್ವಜನಿಕ ಪರೀಕ್ಷಾ ಆವೃತ್ತಿ 2012ರಲ್ಲಿ ಬಂದಿತು. ಆಗ ಅದರಲ್ಲಿ ವಿಮಾನಗಳು ಮಾತ್ರ ಇದ್ದವು. ಟ್ಯಾಂಕುಗಳು 2014ರಲ್ಲಿ ಸೇರಿದವು, ಹೆಲಿಕಾಪ್ಟರುಗಳು 2018ರಲ್ಲಿ. ರಿಯಲಿಸ್ಟಿಕ್ ಎಂಬ ಬಗೆಯ ಭೂಯುದ್ಧದಲ್ಲಿ ಎಲ್ಲರೂ ಮೊದಲು ನೆಲದ ಮೇಲೆಯೇ ಹೋರಾಡಬೇಕು. ಶತ್ರುವಿನ ವಾಹನಗಳನ್ನು ಕೆಡವಿ, ನೆಲೆಗಳನ್ನು ವಶಪಡಿಸಿಕೊಂಡು ಅಂಕಗಳನ್ನು ಕೂಡಿಟ್ಟವರಿಗೆ ಮಾತ್ರ ವಿಮಾನ ಸಿಗುತ್ತದೆ, ರೆಕ್ಕೆಯ ಕೆಳಗೆ ಆಯುಧ ತೂಗಿಸಿಕೊಂಡು ಹೊರಡಬೇಕೆಂದರೆ ಇನ್ನೂ ಹೆಚ್ಚು ಅಂಕ ಬೇಕು. ಹೀಗೆ ಕಷ್ಟಪಟ್ಟು ಗಳಿಸಿದ ಹಾರಾಟದಲ್ಲಿ, ಮೇಲಿನಿಂದ ನೋಡುವವನಿಗೆ ಶತ್ರುವಿನ ಟ್ಯಾಂಕಿನ ಮೇಲೆ ಹೆಸರಾಗಲಿ ಗುರುತಾಗಲಿ ತೋರುವುದಿಲ್ಲ. ಕಣ್ಣಿಟ್ಟು ಹುಡುಕಬೇಕು. ಇದಕ್ಕಿರುವ ಮುಖ್ಯ ವಿನಾಯಿತಿಯೆಂದರೆ, ನಮ್ಮ ಪಕ್ಷದ ಹಗುರ ಟ್ಯಾಂಕಿನವರು ಶತ್ರುವನ್ನು ಪತ್ತೆ ಹಚ್ಚಿ ಗುರುತು ಹಾಕಿಕೊಡಬಹುದು, ಆ ಗುರುತು ಮೇಲಿರುವ ನಮಗೂ ಸ್ವಲ್ಪ ಹೊತ್ತು ಕಾಣುತ್ತದೆ. ದಾವಣಗೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಈ ಕೆಲಸದಲ್ಲಿ ಬಹಳ ನಿಪುಣ. ಅವನು ಆಟದಲ್ಲಿ ಹಗುರ ಟ್ಯಾಂಕೆಂದು ಎಣಿಸುವ ಬ್ರಾಡ್ಲಿ ಎಂಬ ಅಮೆರಿಕದ ವಾಹನವನ್ನು ತೆಗೆದುಕೊಂಡು ದಿಬ್ಬಗಳ ಮರೆಯಲ್ಲಿ ಕುಳಿತು ನೋಡುತ್ತಾನೆ. ನಾನು ಎ-10 ವಿಮಾನದಲ್ಲಿ ಮೇಲಿರುತ್ತೇನೆ. ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ನಾವಿಬ್ಬರೂ ಹೀಗೆ ಆಡುವುದು ರೂಢಿಯಾಗಿದೆ.

ಮ್ಯಾವರಿಕ್ ಏನನ್ನು ಬದಲಾಯಿಸಿತು ಎಂಬುದು ಅರ್ಥವಾಗಬೇಕಾದರೆ ಅದಕ್ಕಿಂತ ಹಿಂದಿನ ಬುಲ್‌ಪಪ್ ಕ್ಷಿಪಣಿಯನ್ನು ಒಮ್ಮೆಯಾದರೂ ಹಾರಿಸಿ ನೋಡಬೇಕು. ಆಟದಲ್ಲಿ ಅದು ಎಫ್-4ಸಿ ಫ್ಯಾಂಟಮ್‌ನಂಥ ವಿಮಾನಗಳಲ್ಲಿ ಸಿಗುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ ತಯಾರಿಸಿದ, 1959ರಲ್ಲಿ ಅಲ್ಲಿನ ನೌಕಾಪಡೆಗೆ ಸೇರಿದ ಈ ಕ್ಷಿಪಣಿಗೆ ಸ್ವಂತ ಕಣ್ಣಿಲ್ಲ. ಅದರ ಬಾಲದಲ್ಲಿ ಉರಿಯುವ ಬೆಳಕನ್ನು ನೋಡುತ್ತ, ಒಂದು ಪುಟ್ಟ ಕೋಲನ್ನು ಅತ್ತಿತ್ತ ಆಡಿಸಿ, ರೇಡಿಯೋ ಸಂಕೇತದ ಮೂಲಕ ಪೈಲಟ್‌ನೇ ಅದನ್ನು ಗುರಿಯವರೆಗೆ ನಡೆಸಿಕೊಂಡು ಹೋಗಬೇಕು. ಕ್ಷಿಪಣಿಯ ಬೆಳಕು, ಗುರಿ ಮತ್ತು ತನ್ನ ಕಣ್ಣು ಮೂರೂ ಒಂದೇ ಗೆರೆಯಲ್ಲಿ ಇರುವಂತೆ ನೋಡಿಕೊಳ್ಳಬೇಕಾದ್ದರಿಂದ ವಿಮಾನವೂ ಅದೇ ಗೆರೆಯಲ್ಲಿ, ಅದೇ ಇಳಿಜಾರಿನಲ್ಲಿ, ಗುರಿಯತ್ತ ಇಳಿಯುತ್ತಲೇ ಇರಬೇಕು. ಕೆಳಗಿನಿಂದ ಗುಂಡು ಹಾರಿಸುವವನಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ನಾನು ಬುಲ್‌ಪಪ್ ಅಭ್ಯಾಸ ಮಾಡಿದ ದಿನಗಳಲ್ಲಿ ಕ್ಷಿಪಣಿ ಗುರಿ ಮುಟ್ಟುವ ಮೊದಲು ನನ್ನ ವಿಮಾನವೇ ಉರುಳಿದ ಸಂದರ್ಭಗಳೇ ಹೆಚ್ಚು.

ನಿಜವಾದ ಯುದ್ಧದಲ್ಲಿ ಇದರ ಮಿತಿ ಏನೆಂಬುದು ಉತ್ತರ ವಿಯೆಟ್ನಾಮಿನ ಥಾನ್ ಹೊವಾ ಸೇತುವೆಯ ಬಳಿ ಎಲ್ಲರಿಗೂ ತಿಳಿಯಿತು. 1965ರ ಏಪ್ರಿಲ್ 3ರಂದು ಅಮೆರಿಕದ ವಾಯುಪಡೆಯ ಎಫ್-105 ವಿಮಾನಗಳು ಬುಲ್‌ಪಪ್‌ಗಳನ್ನೂ ಬಾಂಬುಗಳನ್ನೂ ಹೊತ್ತು ಆ ಸೇತುವೆಯ ಮೇಲೆ ದಾಳಿ ಮಾಡಿದವು. ಒಂದು ಸಲಕ್ಕೆ ಒಂದೇ ಬುಲ್‌ಪಪ್ ಅನ್ನು ನಡೆಸಲು ಸಾಧ್ಯವಿದ್ದುದರಿಂದ, ಎರಡು ಕ್ಷಿಪಣಿ ಹೊತ್ತ ಪ್ರತಿಯೊಂದು ವಿಮಾನವೂ ಅದೇ ಸೇತುವೆಯತ್ತ ಎರಡು ಬಾರಿ ಇಳಿಯಬೇಕಾಯಿತು. 113 ಕಿಲೋ ತೂಕದ ಸಿಡಿತಲೆಗಳು ಉಕ್ಕು ಮತ್ತು ಕಾಂಕ್ರೀಟಿನ ಮೇಲೆ ಸುಟ್ಟ ಕಲೆಗಳನ್ನು ಉಳಿಸಿದವೇ ಹೊರತು ಸೇತುವೆ ಬೀಳಲಿಲ್ಲ. ಅದು ಮುರಿದದ್ದು 1972ರ ಮೇ ತಿಂಗಳಲ್ಲಿ, ಲೇಸರ್ ಬೆಳಕನ್ನು ಅನುಸರಿಸಿ ಬೀಳುವ ಬಾಂಬುಗಳಿಂದ. ಏಳು ವರ್ಷಗಳ ಈ ಅಂತರದಲ್ಲಿಯೇ, ಪೈಲಟ್‌ನ ಕೈಯಲ್ಲಿದ್ದ ಮಾರ್ಗದರ್ಶನವನ್ನು ಆಯುಧದ ಮೂತಿಗೆ ವರ್ಗಾಯಿಸುವ ಕೆಲಸ ನಡೆಯಿತು. ಮ್ಯಾವರಿಕ್ ಹುಟ್ಟಿದ್ದು ಆ ಹೊತ್ತಿನಲ್ಲಿ.

ಹ್ಯೂಸ್ ಕಂಪನಿಗೆ ಇದರ ಗುತ್ತಿಗೆ ಸಿಕ್ಕಿದ್ದು 1968ರಲ್ಲಿ. ಅಮೆರಿಕದ ವಾಯುಪಡೆಗೆ ಅದು ಸೇರಿದ್ದು 1972ರಲ್ಲಿ. ಮೊದಲ ಮಾದರಿಯ ಉದ್ದ ಸುಮಾರು ಎರಡೂವರೆ ಮೀಟರ್, ದಪ್ಪ 30 ಸೆಂಟಿಮೀಟರ್, ತೂಕ ಸುಮಾರು 210 ಕಿಲೋ. ಅದರಲ್ಲಿ 57 ಕಿಲೋ ಸಿಡಿತಲೆಯದು. ಸಿಡಿದ ಬಲವನ್ನೆಲ್ಲ ಮುಂದಕ್ಕೆ ಒಂದೇ ಮೊನೆಯಾಗಿ ಕೂಡಿಸಿ ಉಕ್ಕಿನ ಕವಚವನ್ನು ಸೀಳುವಂತೆ ಅದನ್ನು ರೂಪಿಸಲಾಗಿತ್ತು. ಹೆಸರಿನ ಹಿಂದೆ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಕ್ಸಾಸಿನ ಸ್ಯಾಮುಯೆಲ್ ಮ್ಯಾವರಿಕ್ ಎಂಬ ಜಮೀನುದಾರ ತನ್ನ ದನಗಳಿಗೆ ಬರೆ ಹಾಕಿ ಗುರುತು ಮಾಡುತ್ತಿರಲಿಲ್ಲವಂತೆ; ಅದರಿಂದಾಗಿ ಗುರುತಿಲ್ಲದ ಬೀಡಾಡಿ ಕರುವಿಗೆ ಅಲ್ಲಿ ಮ್ಯಾವರಿಕ್ ಎಂಬ ಹೆಸರು ಬಿತ್ತು. ಯಾರ ಹಗ್ಗಕ್ಕೂ ಸಿಗದೆ ತನ್ನ ದಾರಿ ತಾನೇ ನೋಡಿಕೊಳ್ಳುವುದಕ್ಕೆ ಆ ಹೆಸರು ಒಪ್ಪುತ್ತದೆ. ಕೈಬಿಟ್ಟ ಕ್ಷಣದಿಂದ ಪೈಲಟ್‌ಗೂ ಇದಕ್ಕೂ ಯಾವ ನಂಟೂ ಉಳಿಯುವುದಿಲ್ಲ.

ಈ ಕ್ಷಿಪಣಿಯ ಕಣ್ಣು ಏನನ್ನು ನೋಡುತ್ತದೆ ಎಂಬುದೇ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಎ ಮತ್ತು ಬಿ ಮಾದರಿಗಳ ಮೂತಿಯಲ್ಲಿ ಗಾಜಿನ ಗುಮ್ಮಟದ ಹಿಂದೆ ಒಂದು ಟೆಲಿವಿಷನ್ ಕ್ಯಾಮೆರಾ ಇರುತ್ತದೆ. ಅದರ ಚಿತ್ರ ಕಾಕ್‌ಪಿಟ್ಟಿನ ಪುಟ್ಟ ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಮೂಡುತ್ತದೆ. ಪೈಲಟ್ ಅಡ್ಡಗೆರೆಗಳನ್ನು ಗುರಿಯ ಮೇಲೆ ತಂದು ನಿಲ್ಲಿಸಿದಾಗ ಕ್ಷಿಪಣಿ ಆ ಜಾಗದಲ್ಲಿ ಬೆಳಕು ಮತ್ತು ಕತ್ತಲೆಯ ಅಂಚನ್ನು ಹುಡುಕಿ, ಆ ಅಂಚುಗಳ ನಡುವಿನ ಮಚ್ಚೆಯನ್ನು ಹಿಡಿದುಕೊಳ್ಳುತ್ತದೆ. ತಿಳಿಯಾದ ಹಿನ್ನೆಲೆಯ ಮೇಲೆ ಕಪ್ಪು ಮಚ್ಚೆ, ಇಲ್ಲವೇ ಕಪ್ಪು ಹಿನ್ನೆಲೆಯ ಮೇಲೆ ತಿಳಿಯಾದ ಮಚ್ಚೆ, ಅದಕ್ಕೆ ಗೊತ್ತಿರುವುದು ಇಷ್ಟೇ. ಅದು ಟ್ಯಾಂಕೋ, ಟ್ಯಾಂಕಿನ ಪಕ್ಕದಲ್ಲಿ ಬಿದ್ದ ನೆರಳೋ, ಬಂಡೆಯೋ, ಮನೆಯ ಕಿಟಕಿಯೋ ಎಂಬ ಭೇದ ಅದಕ್ಕಿಲ್ಲ. ಎ ಮಾದರಿಯ ಕ್ಯಾಮೆರಾ 5 ಡಿಗ್ರಿ ಅಗಲದ ನೋಟವನ್ನು ಕೊಡುತ್ತಿತ್ತು. ಬಿ ಮಾದರಿಯಲ್ಲಿ ಅದನ್ನು 2.5 ಡಿಗ್ರಿಗೆ ಇಳಿಸಿ ಗುರಿ ಎರಡು ಪಟ್ಟು ದೊಡ್ಡದಾಗಿ ಕಾಣುವಂತೆ ಮಾಡಿದರು. ಕಾಗದದ ಮೇಲೆ ಕ್ಷಿಪಣಿಯ ದೂರ 20 ಕಿಲೋಮೀಟರಿಗಿಂತ ಹೆಚ್ಚು. ಆದರೆ ಟ್ಯಾಂಕಿನ ಗಾತ್ರದ ವಸ್ತು ಪರದೆಯ ಮೇಲೆ ಗುರುತಿಸುವಷ್ಟು ದೊಡ್ಡದಾಗಿ ಕಾಣಬೇಕಾದರೆ ಅದಕ್ಕಿಂತ ಬಹಳ ಹತ್ತಿರಕ್ಕೆ ಹೋಗಲೇಬೇಕು. ರಾಕೆಟ್ ಎಷ್ಟು ದೂರ ಹಾರಬಲ್ಲದು ಎಂಬುದಕ್ಕಿಂತ, ನೋಡುವವನಿಗೆ ಎಷ್ಟು ದೂರದಿಂದ ತಿಳಿಯುತ್ತದೆ ಎಂಬುದೇ ಇಲ್ಲಿ ಮಿತಿ.

ಫ್ಯಾಂಟಮ್ ವಿಮಾನದಲ್ಲಿ ಇಬ್ಬರಿದ್ದರು. ಮುಂದಿನವನು ಹಾರಿಸುತ್ತಿದ್ದರೆ ಹಿಂದಿನವನು ಪರದೆ ನೋಡಿ ಗುರಿಯನ್ನು ಹಿಡಿಯಬಹುದಿತ್ತು. ಎ-10ರಲ್ಲಿ ಇರುವುದು ಒಬ್ಬನೇ. ನೆಲದ ಹತ್ತಿರ ಹಾರುತ್ತ, ಗುಡ್ಡಗಳನ್ನು ತಪ್ಪಿಸುತ್ತ, ಅಂಗೈಯಗಲದ ಪರದೆಯಲ್ಲಿ ಮಚ್ಚೆಯನ್ನು ಹುಡುಕಿ, ಅಡ್ಡಗೆರೆಯನ್ನು ಅಲ್ಲಿಗೆ ಎಳೆದು, ಹಿಡಿತ ಸಿಕ್ಕಿದೆಯೇ ಎಂದು ನೋಡಿ, ಬಿಟ್ಟು, ತಿರುಗಬೇಕು. ಆಟದಲ್ಲಿಯೂ ಈ ಕಷ್ಟ ಉಳಿದುಕೊಂಡಿದೆ. ಕ್ಷಿಪಣಿಯ ಕಣ್ಣಿನಿಂದ ನೋಡುವ ಗುಂಡಿಯನ್ನು ಒತ್ತಿದೊಡನೆ ಸುತ್ತಲಿನ ಆಕಾಶ, ಎತ್ತರ, ಪಕ್ಕದಲ್ಲಿ ಬರುತ್ತಿರುವ ಶತ್ರು ವಿಮಾನ ಎಲ್ಲವೂ ಮರೆಯಾಗಿ, ಒಂದು ಕಿರಿದಾದ ಕಿಂಡಿ ಮಾತ್ರ ಉಳಿಯುತ್ತದೆ. ಮೌಸನ್ನು ಅತ್ತ ಇತ್ತ ಸರಿಸುತ್ತ ಆ ಕಿಂಡಿಯೊಳಗೆ ಮುಳುಗಿದ್ದ ನಾನು, ಕಲಿಯುವ ದಿನಗಳಲ್ಲಿ ಎಷ್ಟೋ ಸಲ ಎದುರಿನ ಗುಡ್ಡಕ್ಕೆ ಹೋಗಿ ಬಡಿದಿದ್ದೇನೆ.

ಹಾಗಾಗಿ ನಾನು ಕಲಿತ ಮೊದಲ ಪಾಠವೆಂದರೆ ಕಿಂಡಿಯನ್ನು ತೆರೆಯುವ ಮೊದಲೇ ಎಲ್ಲಿ ನೋಡಬೇಕೆಂದು ತಿಳಿದಿರಬೇಕು ಎಂಬುದು. ನೆಲದ ಮೇಲೆ ಹೋರಾಡುವಾಗಲೇ ಯಾವ ಬೀದಿಯ ಮೂಲೆಯಲ್ಲಿ, ಯಾವ ದಿಬ್ಬದ ಹಿಂದೆ ಶತ್ರುಗಳು ನಿಲ್ಲುತ್ತಾರೆ ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ನನ್ನನ್ನು ಕೆಡವಿದವನು ನಿಂತಿದ್ದ ಜಾಗವನ್ನು ಮರೆಯುವುದೇ ಇಲ್ಲ. ಮೇಲೇರಿದ ಮೇಲೆ ಕಣ್ಣಿನಿಂದ ಆ ಕಟ್ಟಡವನ್ನೋ ಮರಗಳ ಸಾಲನ್ನೋ ಕಂಡು, ಮೂತಿಯನ್ನು ಅಲ್ಲಿಗೆ ತಿರುಗಿಸಿ, ರೆಕ್ಕೆಗಳನ್ನು ಸಮಗೊಳಿಸಿ, ಆಮೇಲೆ ಕಿಂಡಿ. ಈ ಕ್ರಮ ಕೈಗೆ ಬಂದ ಮೇಲೆ ಎಂಟು ಸೆಕೆಂಡುಗಳಲ್ಲಿ ಐದನ್ನು ನೋಡುವುದಕ್ಕೇ ಉಳಿಸಿಕೊಳ್ಳುವುದು ಸಾಧ್ಯವಾಯಿತು.

ಆದರೂ ನೋಡುವುದು ಬೇರೆ, ಗುರುತಿಸುವುದು ಬೇರೆ. ಸಿನಾಯ್ ಎಂಬ ನಕಾಶೆಯಲ್ಲಿ ನಡೆದ ಒಂದು ಪಂದ್ಯ ನನಗೆ ಇದನ್ನು ಮನಗಾಣಿಸಿತು. ಮರಳು, ಬಂಡೆ, ತಿಳಿ ಬಣ್ಣದ ಮಣ್ಣಿನ ಮನೆಗಳಿರುವ ಆ ಭೂಮಿಯಲ್ಲಿ ಕಪ್ಪು ಮಚ್ಚೆ ಎದ್ದು ಕಾಣುತ್ತದೆ. ಟೆಲಿವಿಷನ್ ಕಣ್ಣಿನ ಮ್ಯಾವರಿಕ್‌ಗೆ ಹೇಳಿ ಮಾಡಿಸಿದ ಜಾಗ. 1973ರ ಅಕ್ಟೋಬರ್ ಯುದ್ಧದಲ್ಲಿ ಇಸ್ರೇಲಿನ ಫ್ಯಾಂಟಮ್‌ಗಳು ಈ ಕ್ಷಿಪಣಿಯನ್ನು ಬಳಸಿದಾಗ ಅದು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಮರುಭೂಮಿಯ ತಿಳಿಯಾದ ಗಾಳಿಯೂ ಬಿಸಿಲೂ ಒಂದು ಕಾರಣ. ಆ ದಿನ ನನ್ನ ತಮ್ಮ ನೆಲದಿಂದ ಹೇಳಿದ:

"ಅಣ್ಣಾ, ಮೂರು ಮನೆ ಸಾಲಾಗಿವೆಯಲ್ಲ, ಅದರ ಎಡಗಡೆ ಗೋಡೆ ಪಕ್ಕ ಒಂದು ಇದೆ. ಗುರುತು ಹಾಕೋಕೆ ಆಗ್ತಿಲ್ಲ, ಹೊಗೆ ಬಿಟ್ಟಿದ್ದಾನೆ."

ನಾನು ತಿರುಗಿ, ಕಿಂಡಿ ತೆರೆದು, ಗೋಡೆಯ ಪಕ್ಕದಲ್ಲಿ ಕಪ್ಪಾಗಿ ಕಂಡದ್ದನ್ನು ಹಿಡಿದು ಬಿಟ್ಟೆ. ಕ್ಷಿಪಣಿ ನೇರವಾಗಿ ಹೋಗಿ ಹೊಡೆಯಿತು. ಯಾವ ಅಂಕವೂ ಬರಲಿಲ್ಲ.

"ಅಣ್ಣಾ, ಅದು ಆಗಲೇ ಸುಟ್ಟುಹೋಗಿರೋದು. ನಾನು ಹೇಳಿದ್ದು ಅದರ ಹಿಂದೆ ಇರೋನು."

ಹಿಂದೆ ಇದ್ದವನು ನಂತರ ನನ್ನ ತಮ್ಮನನ್ನು ಕೆಡವಿದ. ಆ ರಾತ್ರಿ ರೀಪ್ಲೇಯನ್ನು ನಾನು ಹಲವು ಸಲ ನೋಡಿದೆ. ಪರದೆಯ ಮೇಲೆ ಸುಟ್ಟ ಟ್ಯಾಂಕು ಎಲ್ಲಕ್ಕಿಂತ ಕಪ್ಪಾಗಿ, ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಜೀವಂತವಾಗಿದ್ದ ಟ್ಯಾಂಕಿನ ಫಿರಂಗಿಯ ತುದಿ ಮಾತ್ರ ಹೊಗೆಯ ಅಂಚಿನಲ್ಲಿ ಎರಡು ಸೆಕೆಂಡು ಕಾಣಿಸಿ ಮಾಯವಾಗಿತ್ತು. ನಾನು ಅದನ್ನು ನೋಡಬಹುದಿತ್ತು, ನೋಡಲಿಲ್ಲ. ಕಪ್ಪಾದದ್ದೊಂದು ಸಿಕ್ಕಿತೆಂಬ ಸಮಾಧಾನಕ್ಕೆ ಹುಡುಕುವುದನ್ನು ನಿಲ್ಲಿಸಿಬಿಟ್ಟಿದ್ದೆ. ಕ್ಷಿಪಣಿಯ ಕಣ್ಣು ಮಚ್ಚೆಯನ್ನು ಹಿಡಿಯುತ್ತದೆ. ಆ ಮಚ್ಚೆ ಏನು ಎಂದು ತಿಳಿಯುವ ಕೆಲಸ ನನ್ನದು. ಆ ಪಂದ್ಯದಲ್ಲಿ ನಾನು ಸಹ ಕ್ಷಿಪಣಿಯಂತೆಯೇ ಮಚ್ಚೆಯನ್ನಷ್ಟೇ ಹಿಡಿದಿದ್ದೆ.

ಬಿಟ್ಟ ಮೇಲೆ ಕ್ಷಿಪಣಿ ಹೇಗೆ ಸಾಗುತ್ತದೆ ಎಂಬುದೂ ತಿಳಿಯಬೇಕಾದ ಸಂಗತಿ. ಓಡುತ್ತಿರುವ ಗುರಿಯ ಬೆನ್ನು ಹತ್ತಿ ಅದು ಹೋಗುವುದಿಲ್ಲ. ತನ್ನ ಕಣ್ಣು ಗುರಿಯನ್ನು ನೋಡುತ್ತಿರುವ ದಿಕ್ಕು ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬುದನ್ನು ಅಳೆದು, ಅದಕ್ಕೆ ತಕ್ಕಷ್ಟು ತನ್ನ ದಾರಿಯನ್ನು ತಿರುಗಿಸಿಕೊಳ್ಳುತ್ತದೆ. ದಿಕ್ಕು ಬದಲಾಗದೆ ಸ್ಥಿರವಾಗಿ ನಿಂತಿದೆಯೆಂದರೆ ಎರಡೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ ಎಂದರ್ಥ. ಶಾಲೆಯ ಮೈದಾನದಲ್ಲಿ ಗೆರೆಯ ಬಳಿ ನಿಂತು ಕ್ಯಾಚು ಹಿಡಿದವರಿಗೆಲ್ಲ ಇದು ಮೈಯಲ್ಲಿಯೇ ತಿಳಿದಿರುವ ವಿಷಯ. ಚೆಂಡು ಈಗ ಎಲ್ಲಿದೆಯೋ ಅಲ್ಲಿಗೆ ಯಾರೂ ಓಡುವುದಿಲ್ಲ, ಬೀಳುವ ಜಾಗಕ್ಕೆ ಓಡುತ್ತಾರೆ. ಆದ್ದರಿಂದ ಅಡ್ಡಲಾಗಿ ಓಡುತ್ತಿರುವ ಟ್ಯಾಂಕಿಗೆ ಬಿಟ್ಟ ಮ್ಯಾವರಿಕ್ ಗುರಿಯ ಮುಂದೆ ಎಲ್ಲಿಗೋ ಹೋಗುತ್ತಿರುವಂತೆ ಕಂಡರೂ ಗಾಬರಿಯಾಗಬೇಕಿಲ್ಲ.

ಟೆಲಿವಿಷನ್ ಕಣ್ಣಿಗೆ ರಾತ್ರಿ ಕಾಣುವುದಿಲ್ಲ. ಮಂಜು, ಧೂಳು, ಹೊಗೆ ಇದ್ದರೆ ಹಗಲಿನಲ್ಲೂ ಕಷ್ಟ. ಆ ಕೊರತೆಯನ್ನು ನೀಗಲು ಬಂದ ಡಿ ಮಾದರಿ 1980ರ ದಶಕದ ಮಧ್ಯಭಾಗದಲ್ಲಿ ಸೇನೆಗೆ ಸೇರಿತು. ಅದು ಬೆಳಕಿನ ಬದಲು ವಸ್ತುವಿನಿಂದ ಹೊಮ್ಮುವ ಶಾಖವನ್ನು, ಅಂದರೆ ಅವಕೆಂಪು ಕಿರಣಗಳನ್ನು ಚಿತ್ರವಾಗಿ ಮಾರ್ಪಡಿಸುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪಡೆಗಳು 5,000ಕ್ಕೂ ಹೆಚ್ಚು ಮ್ಯಾವರಿಕ್‌ಗಳನ್ನು ಹಾರಿಸಿದವು, ಅವುಗಳಲ್ಲಿ ಹೆಚ್ಚಿನವು ಎ-10 ವಿಮಾನಗಳಿಂದ. ಆ ಕಾಲದ ಎ-10ರಲ್ಲಿ ಕತ್ತಲೆಯಲ್ಲಿ ನೋಡುವ ಬೇರೆ ಸಾಧನ ಇರಲಿಲ್ಲ. ಹೀಗಾಗಿ ಅದರ ಪೈಲಟ್‌ಗಳು ರೆಕ್ಕೆಯ ಕೆಳಗೆ ತೂಗುತ್ತಿದ್ದ ಡಿ ಮಾದರಿಯ ಕ್ಷಿಪಣಿಯ ಕಣ್ಣನ್ನೇ ತಮ್ಮ ರಾತ್ರಿಯ ಕಣ್ಣಾಗಿ ಬಳಸಿಕೊಂಡರು. ಸಪೂರ ಕೊಳವೆಯೊಂದರ ಮೂಲಕ ಇಡೀ ಮರುಭೂಮಿಯನ್ನು ನೋಡಿದ ಹಾಗೆ ಆ ನೋಟ. ಆದರೂ ಹಗಲಿನ ಬಿಸಿಲನ್ನು ಹೀರಿಕೊಂಡಿದ್ದ ಉಕ್ಕು ರಾತ್ರಿ ತಣ್ಣಗಾದ ಮರಳಿನ ನಡುವೆ ಬೆಳಗುತ್ತಿತ್ತು, ಮರಳಿನಲ್ಲಿ ಅರ್ಧ ಹೂತಿಟ್ಟ ಟ್ಯಾಂಕುಗಳೂ ಸಿಕ್ಕಿಬೀಳುತ್ತಿದ್ದವು. ಆಯುಧವನ್ನು ಬಿಡುವುದಕ್ಕಿಂತ ಅದರ ಕಣ್ಣಿನಿಂದ ನೋಡುವುದೇ ದೊಡ್ಡ ಲಾಭವಾದ ಈ ಸಂಗತಿಯನ್ನು ನಾನು ಓದಿದಂದಿನಿಂದ ನನ್ನ ಆಟದ ರೀತಿಯೇ ಬದಲಾಯಿತು. ಈಗ ಎಲ್ಲ ಕ್ಷಿಪಣಿಗಳನ್ನೂ ಒಟ್ಟಿಗೆ ಬಿಡುವುದಿಲ್ಲ. ಕೊನೆಯದೊಂದನ್ನು ನೋಡುವುದಕ್ಕಾಗಿ ಉಳಿಸಿಕೊಂಡು, ಕಂಡದ್ದನ್ನು ತಮ್ಮನಿಗೆ ಹೇಳುತ್ತೇನೆ.

ಶಾಖದ ಕಣ್ಣಿಗೂ ಕುರುಡು ಹೊತ್ತುಗಳಿವೆ. ಬೆಳಗಿನ ಮತ್ತು ಸಂಜೆಯ ಒಂದು ಗಳಿಗೆಯಲ್ಲಿ, ಕಾಯುತ್ತಿರುವ ಅಥವಾ ಆರುತ್ತಿರುವ ಮಣ್ಣೂ ಉಕ್ಕೂ ಒಂದೇ ಬಿಸಿಗೆ ಬಂದು ನಿಂತಾಗ ಎರಡರ ನಡುವಿನ ಅಂಚು ಅಳಿಸಿಹೋಗುತ್ತದೆ. ನಮ್ಮ ಊರುಗಳಲ್ಲಿ ಮುಸ್ಸಂಜೆಯಲ್ಲಿ ಹಗ್ಗ ಹಾವಿನಂತೆ ಕಾಣುತ್ತದೆ ಎನ್ನುವರಲ್ಲ, ಆ ಹೊತ್ತಿನ ಮೋಸ ಯಂತ್ರದ ಕಣ್ಣಿಗೂ ತಪ್ಪಿಲ್ಲ. ಆಟದಲ್ಲಿ ಇದು ಅಷ್ಟಾಗಿ ಅನುಭವಕ್ಕೆ ಬರುವುದಿಲ್ಲ. ಅಲ್ಲಿ ಟ್ಯಾಂಕು ಯಾವಾಗಲೂ ಬೆಳಗುತ್ತಲೇ ಇರುತ್ತದೆ. ಹಿಡಿದ ಗುರಿ ಪಕ್ಕದ ನೆರಳಿಗೆ ಜಾರಿ ಹೋದದ್ದನ್ನೂ ನಾನು ಆಟದಲ್ಲಿ ಒಮ್ಮೆಯೂ ಕಂಡಿಲ್ಲ. ಸಾವಿರಾರು ಜನ ಒಂದೇ ಹೊತ್ತಿಗೆ ಆಡುವ ಆಟದಲ್ಲಿ ಇಂಥ ಸರಳೀಕರಣ ಅನಿವಾರ್ಯವೆಂದು ಒಪ್ಪುತ್ತೇನೆ. ಆದರೆ ಆಟದ ಈ ಭರವಸೆಯನ್ನೇ ನಿಜವಾದ ಆಯುಧದ ಭರವಸೆಯೆಂದು ಯಾರೂ ತಿಳಿಯಬಾರದು.

ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು 1991ರ ಜನವರಿ 29ರ ರಾತ್ರಿ. ಸೌದಿ ಅರೇಬಿಯಾದ ಗಡಿಯಲ್ಲಿ, ಖಾಫ್ಜಿ ಕಾಳಗದ ಮೊದಲ ಗಳಿಗೆಗಳಲ್ಲಿ, ಎ-10 ಒಂದು ಬಿಟ್ಟ ಮ್ಯಾವರಿಕ್ ಅಮೆರಿಕದವರದೇ ಆದ ಹಗುರ ಕವಚದ ವಾಹನಕ್ಕೆ ಹೋಗಿ ಬಡಿಯಿತು. ಅದರೊಳಗಿದ್ದ ಏಳು ಮಂದಿ ಮರೀನ್ ಸೈನಿಕರು ಸತ್ತರು. ಆಟದಲ್ಲಿ ನಮ್ಮವರ ಮೇಲೆ ಹೆಸರು ತೇಲುತ್ತಿರುತ್ತದೆ, ಎಷ್ಟೇ ಅವಸರದಲ್ಲಿಯೂ ಅದು ಕಣ್ಣಿಗೆ ಬೀಳುತ್ತದೆ. ಆ ರಾತ್ರಿಯ ಕತ್ತಲೆಯಲ್ಲಿ ಯಾರ ತಲೆಯ ಮೇಲೂ ಹೆಸರಿರಲಿಲ್ಲ. ಏಳು ಮನೆಗಳಿಗೆ ಹೋದ ಆ ಸುದ್ದಿಯನ್ನು ನೆನೆದಾಗ ನನಗೆ ಈ ಆಯುಧದ ಬಗ್ಗೆ ಇರುವ ಕುತೂಹಲದ ಜೊತೆಗೆ ಒಂದು ಭಾರವೂ ಎದೆಗೆ ಬರುತ್ತದೆ. ಎದುರು ಪಕ್ಷದ ಟ್ಯಾಂಕುಗಳ ಒಳಗೂ ಮನುಷ್ಯರೇ ಇದ್ದರು. ಇದನ್ನು ಬರೆಯದೆ ಮ್ಯಾವರಿಕ್ ಬಗ್ಗೆ ಬರೆಯುವುದು ನನಗೆ ಸರಿಯೆನಿಸುವುದಿಲ್ಲ.

ಬಿಡುವ ಮೊದಲು ಗುರಿಯನ್ನು ಹಿಡಿದುಕೊಳ್ಳುವ ಈ ತತ್ವ ನಮ್ಮ ದೇಶದ ಆಯುಧಗಳಲ್ಲೂ ಇದೆ. ಡಿಆರ್‌ಡಿಒ ರೂಪಿಸಿದ ಹೆಲಿನಾ ಕ್ಷಿಪಣಿ, ಟ್ಯಾಂಕುಗಳನ್ನು ಹೊಡೆಯುವ ನಾಗ್ ಕ್ಷಿಪಣಿಯ ಹೆಲಿಕಾಪ್ಟರ್ ರೂಪ. ಅದರ ಮೂತಿಯಲ್ಲೂ ಶಾಖವನ್ನು ಚಿತ್ರವಾಗಿಸುವ ಕಣ್ಣಿದೆ, ಅದೂ ಗುರಿಯನ್ನು ಹಿಡಿದ ಮೇಲೆಯೇ ಹಾರುತ್ತದೆ. 2022ರ ಏಪ್ರಿಲ್‌ನಲ್ಲಿ ಎತ್ತರದ ಪ್ರದೇಶದಲ್ಲಿ ಅದರ ಪರೀಕ್ಷೆ ನಡೆದಾಗ ಅದನ್ನು ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಧ್ರುವ್ ಹೆಲಿಕಾಪ್ಟರ್. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಪರದೆಯ ಮೇಲೆ ನಾನು ದಿನವೂ ನೋಡುವ ಆ ಕಿಂಡಿಗೂ ತುಮಕೂರು ರಸ್ತೆಗೂ ಇಷ್ಟು ಹತ್ತಿರದ ಸಂಬಂಧವಿದೆಯೇ ಎಂದು ಸಂತೋಷವಾಯಿತು.

ಆಟಕ್ಕೆ ಮರಳುತ್ತೇನೆ. ಈ ಎಂಟು ಸೆಕೆಂಡುಗಳನ್ನು ಕಸಿದುಕೊಳ್ಳಲು ಕಾದಿರುವವರು ಶತ್ರು ಪಕ್ಷದ ವಿಮಾನ ನಿರೋಧಕ ವಾಹನಗಳವರು. ಅವರಲ್ಲಿ ನನಗೆ ಹೆಚ್ಚು ಗೌರವವಿರುವುದು ರಷ್ಯಾದ ಪಾಂಟ್ಸಿರ್ ನಡೆಸುವವರ ಮೇಲೆ. ಅದರ ರೇಡಾರು ದೂರದಿಂದಲೇ ನೋಡುತ್ತದೆ, ಅದರ ಕ್ಷಿಪಣಿಗಳು ಮ್ಯಾವರಿಕ್‌ಗಿಂತ ಬಹಳ ವೇಗವಾಗಿ ಬರುತ್ತವೆ. ನುರಿತವನು ನನ್ನನ್ನು ಬಿಟ್ಟು ನಾನು ಬಿಟ್ಟ ಮ್ಯಾವರಿಕ್ ಅನ್ನೇ ಹೊಡೆದು ಉರುಳಿಸುವುದೂ ಉಂಟು. ಎ-10 ನಿಧಾನದ ವಿಮಾನ. ಅಂಥವನ ಎದುರು ಎತ್ತರದಲ್ಲಿ ನೇರವಾಗಿ ಹೋಗುವುದೆಂದರೆ ಸಾವನ್ನು ಕರೆದುಕೊಂಡ ಹಾಗೆ. ನಾನು ಗುಡ್ಡಗಳ ಮರೆಯಲ್ಲಿ, ಮರದ ತುದಿಗಳಿಗೆ ತಾಗುವಷ್ಟು ಕೆಳಗೆ ಬಂದು, ಗೊತ್ತಿರುವ ಒಂದು ಜಾಗದಲ್ಲಿ ಮೇಲೆದ್ದು, ನೋಡಿ, ಬಿಟ್ಟು, ಕ್ಷಿಪಣಿ ಏನಾಯಿತೆಂದು ತಿರುಗಿ ನೋಡದೆ ಮತ್ತೆ ಮರೆಗೆ ಇಳಿಯುತ್ತೇನೆ. ಬುಲ್‌ಪಪ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ. ಬಿಟ್ಟು ಮರೆಯಬಹುದಾದ ಆಯುಧ ಎಂಬ ಮಾತಿನ ನಿಜವಾದ ಬೆಲೆ ಅರಿವಾಗುವುದು ಹೀಗೆ ಮರೆಗೆ ಇಳಿಯುವ ಗಳಿಗೆಯಲ್ಲಿ. ಎಫ್-16ಸಿ ವಿಮಾನದಲ್ಲಿ ಸಿಗುವ ಜಿ ಮಾದರಿಯನ್ನೂ ಬಳಸಿದ್ದೇನೆ. ಅದರ ಸಿಡಿತಲೆ 136 ಕಿಲೋ ತೂಕದ್ದು, ಒಟ್ಟು ತೂಕ 300 ಕಿಲೋ ದಾಟುತ್ತದೆ. ಬಂಕರು, ಹಡಗುಗಳಂಥ ದೊಡ್ಡ ಗುರಿಗಳಿಗಾಗಿ ರೂಪಿಸಿದ ಆ ಭಾರ ಟ್ಯಾಂಕಿಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಡಿ ಮಾದರಿಯೇ ಸಾಕು.

ಕಳೆದ ವಾರ ಸಿನಾಯ್ ನಕಾಶೆಯೇ ಮತ್ತೆ ಬಂದಿತು. ತಮ್ಮ ಅದೇ ಮೂರು ಮನೆಗಳ ಬಳಿಯ ದಿಬ್ಬದ ಹಿಂದೆ ಇದ್ದ. ನಾನು ದಕ್ಷಿಣದ ಕಣಿವೆಯಿಂದ ಮೇಲೆದ್ದು ಕಿಂಡಿ ತೆರೆದಾಗ ಗೋಡೆಯ ಪಕ್ಕದಲ್ಲಿ ಎರಡು ಬಿಳಿ ಮಚ್ಚೆಗಳು ಕಂಡವು, ಎರಡೂ ಒಂದೇ ಗಾತ್ರ, ಎರಡೂ ಅಲುಗಾಡುತ್ತಿರಲಿಲ್ಲ. ಮುಂದಿನದರ ಮೇಲೆ ಅಡ್ಡಗೆರೆ ತಾನಾಗಿಯೇ ಬಂದು ಕುಳಿತಂತೆ ಕುಳಿತಿತು. ಐದು, ಆರು, ಏಳು ಎಂದು ಮನಸ್ಸಿನಲ್ಲಿ ಎಣಿಸುತ್ತ ಎರಡನ್ನೂ ನೋಡಿದೆ. ಯಾವುದರಲ್ಲಿ ಜೀವವಿದೆಯೆಂದು ತಿಳಿಯಲಿಲ್ಲ. ಎಂಟಕ್ಕೆ ಬಿಡದೆ ಎಡಕ್ಕೆ ವಾಲಿ ಕಣಿವೆಗೆ ಇಳಿದೆ.

"ಯಾಕಣ್ಣಾ, ಬಿಡಲಿಲ್ಲ?" ಎಂದು ತಮ್ಮ ಕೇಳಿದ.

"ಎರಡಿವೆ ಕಣೋ. ಸುಟ್ಟಿದ್ದು ಯಾವುದು ಅಂತ ಹೇಳು, ಮತ್ತೆ ಬರ್ತೀನಿ."

ಅವನು ದಿಬ್ಬದ ಅಂಚಿಗೆ ಸ್ವಲ್ಪ ಮುಂದೆ ಸರಿದು ನೋಡಿದ. "ಹಿಂದಿಂದು ತಿರುಗೋಪುರ ಈಗ ತಿರುಗಿಸ್ತು," ಎಂದ. ನಾನು ಆಗಲೇ ಕಣಿವೆಯ ತುದಿಯಲ್ಲಿ ತಿರುಗುತ್ತಿದ್ದೆ.